ಕಂಪೈಲರ್ ಕೂಡ ತಪ್ಪು ಮಾಡುತ್ತದೆಯೇ?

ಶನಿವಾರ ತರಗತಿಗಳು ಮುಗಿದ ಮೇಲೆ ಆಸಕ್ತಿ ಇದ್ದವರಿಗೆ ನಮ್ಮ ಕಂಪ್ಯೂಟರ್ ಸೈನ್ಸ್ ಸರ್ ಲ್ಯಾಬ್‌ನಲ್ಲಿ ಸಿ++ ಹೇಳಿಕೊಡುತ್ತಾರೆ. ನಾನು ದ್ವಿತೀಯ ಪಿಯುಸಿ ವಾಣಿಜ್ಯ ವಿಭಾಗದವನು. ಊರು ಕುರುಗೋಡು. ಸಂಜೆಯ ಬಸ್ಸು ಸಿಗುವವರೆಗೆ ಬಳ್ಳಾರಿಯಲ್ಲಿ ಸುಮ್ಮನೆ ಕೂರುವ ಬದಲು ಲ್ಯಾಬ್‌ನಲ್ಲಿ ಕೂತರೆ ಒಳ್ಳೆಯದು ಎಂದು ಸೇರಿಕೊಂಡೆ.

ಒಂದು ಶನಿವಾರ ಆರು ವಿಷಯಗಳ ಅಂಕಗಳನ್ನು ಕೂಡಿಸುವ ಚಿಕ್ಕ ಪ್ರೋಗ್ರಾಂ ಬರೆದೆ. ಮೊದಲ ಸಲ ಓಡಿಸಿದಾಗ ಮೊತ್ತ ಸರಿಯಾಗಿ ಬಂತು. ಆಮೇಲೆ ಸರ್ ಹೇಳಿದಂತೆ ಕಂಪೈಲರ್‌ನ ಆಪ್ಟಿಮೈಸೇಷನ್ ಆನ್ ಮಾಡಿ ಮತ್ತೆ ಓಡಿಸಿದೆ. ಈ ಸಲ ಬಂದ ಮೊತ್ತ ಯಾವ ಲೆಕ್ಕಕ್ಕೂ ಹೊಂದದ ದೊಡ್ಡ ಸಂಖ್ಯೆ! ಪ್ರೋಗ್ರಾಂನ ಒಂದು ಅಕ್ಷರವನ್ನೂ ನಾನು ಬದಲಿಸಿರಲಿಲ್ಲ. "ಸರ್, ಕಂಪೈಲರೇ ತಪ್ಪು ಮಾಡುತ್ತಿದೆ" ಎಂದು ಧೈರ್ಯವಾಗಿ ಹೇಳಿದೆ. ಗೆಳೆಯರು ನಕ್ಕರು. ಸರ್ ನಗಲಿಲ್ಲ. "ಕಂಪೈಲರ್ ತಪ್ಪು ಮಾಡುವುದುಂಟು. ಆದರೆ ಅದರ ಮೇಲೆ ದೂರು ಹೇಳುವ ಮೊದಲು ನಿನ್ನ ಬರಹ ನೋಡಿಕೋ" ಎಂದರು.

ತಪ್ಪು ನನ್ನದೇ ಆಗಿತ್ತು. ಆದರೆ ಆ ದಿನ ಸರ್ ಹೇಳಿದ ಇನ್ನೊಂದು ಘಟನೆಯಲ್ಲಿ ತಪ್ಪು ನಿಜವಾಗಿಯೂ ಕಂಪೈಲರ್‌ನದೇ. ಅದನ್ನು ಕೇಳಿದಾಗ ನನಗೆ ಸಿರುಗುಪ್ಪದ ನನ್ನ ಮಾಮುವಿನ ಅಂಗಡಿಯಲ್ಲಿ ನಡೆದದ್ದು ನೆನಪಾಯಿತು. ಇವೆರಡನ್ನೂ ಸೇರಿಸಿ, ಕಂಪ್ಯೂಟರ್ ಓದದ ಗೆಳೆಯರಿಗೂ ತಿಳಿಯುವ ಹಾಗೆ ಬರೆಯಲು ಪ್ರಯತ್ನಿಸಿದ್ದೇನೆ.

ಕಂಪೈಲರ್ ಎಂದರೆ ಏನು?

ನಮ್ಮ ಮನೆಮಾತು ಉರ್ದು. ಅಮ್ಮಿಯ ಜೊತೆ ಬ್ಯಾಂಕಿಗೆ ಹೋದರೆ ಅವರು ಉರ್ದುವಿನಲ್ಲಿ ಹೇಳಿದ್ದನ್ನು ನಾನು ಕೌಂಟರ್‌ನಲ್ಲಿ ಕನ್ನಡದಲ್ಲಿ ಹೇಳುತ್ತೇನೆ. ಕಂಪೈಲರ್ ಮಾಡುವುದೂ ಇದನ್ನೇ. ನಾವು ಸಿ++ನಲ್ಲಿ ಬರೆದದ್ದು ಪ್ರೊಸೆಸರ್‌ಗೆ ನೇರವಾಗಿ ಅರ್ಥವಾಗುವುದಿಲ್ಲ. ಕಂಪೈಲರ್ ಅದನ್ನು ಯಂತ್ರದ ಸೂಚನೆಗಳಾಗಿ ಅನುವಾದ ಮಾಡಿಕೊಡುತ್ತದೆ.

ಅಮ್ಮಿ ನಾಲ್ಕು ಮಾತಿನಲ್ಲಿ ಹೇಳಿದ್ದನ್ನು ನಾನು ಕೌಂಟರ್‌ನಲ್ಲಿ ಒಂದೇ ಮಾತಿನಲ್ಲಿ ಹೇಳುತ್ತೇನೆ. ಹಿಂದೆ ಸಾಲು ಕಾಯುತ್ತಿರುತ್ತದೆ. ಅರ್ಥ ಕೆಡದಿದ್ದರೆ ಇದರಲ್ಲಿ ತಪ್ಪಿಲ್ಲ. ಹೀಗೆ ಫಲಿತಾಂಶ ಬದಲಾಗದಂತೆ ಕೆಲಸವನ್ನು ಚಿಕ್ಕದು ಮಾಡುವುದಕ್ಕೆ, ಬೇಗ ಮುಗಿಸುವುದಕ್ಕೆ ಕಂಪೈಲರ್ ಭಾಷೆಯಲ್ಲಿ ಆಪ್ಟಿಮೈಸೇಷನ್ ಎನ್ನುತ್ತಾರೆ. ಉದಾಹರಣೆಗೆ, ಸಾವಿರ ಸಲ ಸುತ್ತುವ ಲೂಪಿನೊಳಗೆ ನಾವು ಪ್ರತಿ ಸಲವೂ ಅದೇ ಬಡ್ಡಿದರವನ್ನು 12ರಿಂದ ಭಾಗಿಸುತ್ತಿದ್ದರೆ, ಕಂಪೈಲರ್ ಅದನ್ನು ಲೂಪಿನ ಹೊರಗೆ ಒಂದೇ ಸಲ ಭಾಗಿಸಿ ಇಟ್ಟುಕೊಳ್ಳಬಹುದು. ಒಂದಕ್ಕೊಂದು ಸಂಬಂಧವಿಲ್ಲದ ಎರಡು ಸೂಚನೆಗಳಿದ್ದರೆ ಅವುಗಳ ಹಿಂದುಮುಂದು ಬದಲಿಸಬಹುದು. ಷರತ್ತು ಒಂದೇ: ಹೊರಗಿನಿಂದ ನೋಡುವವರಿಗೆ ಉತ್ತರ ಮೊದಲಿನದೇ ಆಗಿರಬೇಕು.

ಮೆಮೊರಿ ವಿಳಾಸ ಎಂದರೆ ಏನು?

ನಮ್ಮ ಅಕೌಂಟೆನ್ಸಿಯಲ್ಲಿ ಜರ್ನಲ್ ಬರೆಯುವಾಗ ಎಲ್.ಎಫ್. ಎಂಬ ಚಿಕ್ಕ ಕಾಲಂ ಇರುತ್ತದೆ. ಅದು ಲೆಡ್ಜರ್ ಪುಟದ ಸಂಖ್ಯೆ. ಈ ಮೊತ್ತ ಯಾವ ಪುಟದ ಖಾತೆಗೆ ಹೋಗಬೇಕು ಎಂದು ಅದು ಹೇಳುತ್ತದೆ. ಕಂಪ್ಯೂಟರಿನ ಮೆಮೊರಿಯನ್ನು ಒಂದು ದೊಡ್ಡ ಲೆಡ್ಜರ್ ಎಂದುಕೊಳ್ಳಿ. ಅದರ ಪ್ರತಿ ಬೈಟ್‌ಗೂ ಒಂದು ಸಂಖ್ಯೆ ಇದೆ. ಆ ಸಂಖ್ಯೆಯೇ ವಿಳಾಸ, ಅಂದರೆ ಅಡ್ರೆಸ್.

ನನ್ನ ಆರು ಅಂಕಗಳ ಪಟ್ಟಿ 1000 ಎಂಬ ವಿಳಾಸದಲ್ಲಿ ಶುರುವಾಗುತ್ತದೆ ಎಂದುಕೊಳ್ಳೋಣ. ಒಂದೊಂದು ಅಂಕಕ್ಕೆ 4 ಬೈಟ್ ಬೇಕು. ಸಿ++ನಲ್ಲಿ ಎಣಿಕೆ ಸೊನ್ನೆಯಿಂದ ಶುರು. ಆದ್ದರಿಂದ ಸೊನ್ನೆಯ ಮನೆ 1000ದಲ್ಲಿ, ಒಂದನೆಯದು 1004ರಲ್ಲಿ, ಐದನೆಯದು 1020ರಲ್ಲಿ. 1023ಕ್ಕೆ ನನ್ನ ಜಾಗ ಮುಗಿಯಿತು. ನನ್ನ ಲೂಪ್ 5ಕ್ಕೆ ನಿಲ್ಲಬೇಕಿತ್ತು, ನಾನು 6ರವರೆಗೆ ಬಿಟ್ಟಿದ್ದೆ. ಹಾಗಾಗಿ ಅದು 1024ಕ್ಕೆ ಹೋಗಿ ಬೇರೆಯವರ ಮನೆಯಲ್ಲಿ ಇದ್ದದ್ದನ್ನೂ ನನ್ನ ಮೊತ್ತಕ್ಕೆ ಕೂಡಿಸಿತು. ಮೊದಲ ಸಲ ಅಲ್ಲಿ ಅದೃಷ್ಟಕ್ಕೆ ಸೊನ್ನೆ ಇತ್ತು. ಆಪ್ಟಿಮೈಸೇಷನ್ ಆನ್ ಆದಾಗ ಅಲ್ಲಿ ಬೇರೆ ಏನೋ ಇತ್ತು. ಅಂದರೆ ನನ್ನ ಪ್ರೋಗ್ರಾಂ ಮೊದಲಿನಿಂದಲೂ ತಪ್ಪೇ. ಮೊದಲ ಸಲ ತಪ್ಪು ಕಾಣಿಸಿರಲಿಲ್ಲ, ಅಷ್ಟೆ.

ಕಂಪೈಲರ್ ಮೇಲೆ ಬರುವ ದೂರುಗಳಲ್ಲಿ ಬಹುಪಾಲು ಹೀಗೆಯೇ ಇರುತ್ತವೆ ಎಂದು ಸರ್ ಹೇಳಿದರು. ಬಹುಪಾಲು ಎಂದರೆ ಎಲ್ಲವೂ ಅಲ್ಲ.

ಮಾಮುವಿನ ಅಂಗಡಿಯ ಹಲಗೆ

ಮುಂದಿನ ಘಟನೆ ಅರ್ಥವಾಗಬೇಕಾದರೆ ಮೊದಲು ನನ್ನ ಮಾಮುವಿನ ಅಂಗಡಿಗೆ ಬರಬೇಕು. ಸಿರುಗುಪ್ಪದಲ್ಲಿ ಅವರದು ಗೋಣಿಚೀಲದ ವ್ಯಾಪಾರ. ಸುತ್ತಮುತ್ತ ಭತ್ತದ ಗದ್ದೆ, ಅಕ್ಕಿ ಗಿರಣಿ. ಸುಗ್ಗಿಯಲ್ಲಿ ಕೂರಲು ಪುರುಸೊತ್ತು ಇರುವುದಿಲ್ಲ. ಭಾನುವಾರ ಮತ್ತು ರಜೆಯ ದಿನಗಳಲ್ಲಿ ಅಲ್ಲಿ ಲೆಕ್ಕ ಬರೆಯುವವನು ನಾನು.

ಅಂಗಡಿಯ ಗೋಡೆಗೆ ಒಂದು ಕಪ್ಪು ಹಲಗೆ ಇದೆ. ಅದರ ನಡುವೆ ಸೀಮೆಸುಣ್ಣದ ಒಂದು ಅಡ್ಡಗೆರೆ. ಗೆರೆಯ ಮೇಲೆ ಬರೆದದ್ದು ಸಂಜೆ ಕಿರ್ದಿಗೆ ಇಳಿಯಬೇಕಾದ ಲೆಕ್ಕ. ಅದನ್ನು ಯಾರೂ ಒರೆಸುವಂತಿಲ್ಲ. ಗೆರೆಯ ಕೆಳಗಿನ ಜಾಗ ಎಲ್ಲರದೂ. ಚೀಲ ಎಣಿಸಲು, ಗುಣಾಕಾರ ಮಾಡಲು ಯಾರು ಬೇಕಾದರೂ ಅಲ್ಲಿ ಒರೆಸಿ ಬರೆಯಬಹುದು. ಹೊಸ ಲೆಕ್ಕ ಬಂದರೆ ಮೊದಲು ಗೆರೆಯನ್ನು ಒರೆಸಿ ಸ್ವಲ್ಪ ಕೆಳಗೆ ಎಳೆಯಬೇಕು, ಆಮೇಲೆ ಅದರ ಮೇಲಿನ ಜಾಗದಲ್ಲಿ ಬರೆಯಬೇಕು. ಇದು ಮಾಮುವಿನ ನಿಯಮ.

ಪ್ರತಿ ಲೆಕ್ಕಕ್ಕೂ ಗೆರೆ ಒರೆಸಿ ಎಳೆಯುವುದು ನನಗೆ ದಂಡದ ಕೆಲಸ ಎನಿಸಿತು. ಮೂರು ನಾಲ್ಕು ಲೆಕ್ಕಗಳನ್ನು ಮೊದಲು ಬರೆದು, ಆಮೇಲೆ ಒಂದೇ ಸಲ ಗೆರೆ ಇಳಿಸಿದರೆ ಆಯಿತಲ್ಲ ಎಂದು ಹಾಗೆಯೇ ಮಾಡತೊಡಗಿದೆ. ಸಮಯ ಉಳಿಯಿತು. ಹಲವು ವಾರ ಏನೂ ಆಗಲಿಲ್ಲ.

ಸುಗ್ಗಿಯ ಒಂದು ಭಾನುವಾರ ಹಿರಿಯ ರೈತರೊಬ್ಬರು ಹಳೆಯ ಬಾಕಿ 3,600 ರೂಪಾಯಿ ಕೊಟ್ಟರು. ಹಣವನ್ನು ಗಲ್ಲಾಕ್ಕೆ ಹಾಕಿ, ಗೆರೆಯ ಕೆಳಗೆ ಅವರ ಹೆಸರು, ಮೊತ್ತ ಬರೆದೆ. ಅಷ್ಟರಲ್ಲಿ ಲಾರಿ ಬಂತು. ನಾನು ಚೀಲ ಏರಿಸಲು ಹೊರಗೆ ಹೋದೆ. ಗೆರೆ ಇಳಿಸಿರಲಿಲ್ಲ. ಮಾಮು ಬಂದು ಗೆರೆಯ ಕೆಳಗಿನದನ್ನು ಒರೆಸಿ ಲಾರಿಯ ಚೀಲದ ಲೆಕ್ಕ ಬರೆದುಕೊಂಡರು. ನಿಯಮದ ಪ್ರಕಾರ ಅವರು ಮಾಡಿದ್ದು ಸರಿ. ಸಂಜೆ ನಾನು ಗೆರೆಯ ಮೇಲೆ ಇದ್ದದ್ದನ್ನು ಮಾತ್ರ ಕಿರ್ದಿಗೆ ಇಳಿಸಿದೆ. ಆ 3,600 ಎಲ್ಲಿಯೂ ಇರಲಿಲ್ಲ. ನನಗೂ ಅದು ಮರೆತೇ ಹೋಯಿತು.

ಈ ಹಲಗೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಈಗ 2014ಕ್ಕೆ ಬನ್ನಿ.

2014ರ ಜುಲೈನಲ್ಲಿ ಲಿನಕ್ಸ್‌ಗೆ ಆದದ್ದು

ಲಿನಕ್ಸ್ ಕರ್ನೆಲ್ ಎಂಬುದು ಕಂಪ್ಯೂಟರಿನ ಯಂತ್ರಭಾಗಗಳನ್ನೂ ಪ್ರೋಗ್ರಾಂಗಳನ್ನೂ ನಡೆಸುವ ಮೂಲ ತಂತ್ರಾಂಶ. ದೊಡ್ಡ ದೊಡ್ಡ ಸರ್ವರ್‌ಗಳಲ್ಲಿ ಇದೆ. ನಮ್ಮ ಜೇಬಿನ ಆಂಡ್ರಾಯ್ಡ್ ಫೋನಿನ ಒಳಗೂ ಇದೆ. 2014ರಲ್ಲಿ ಅದರ 3.16 ಆವೃತ್ತಿ ಸಿದ್ಧವಾಗುತ್ತಿತ್ತು. ಅದನ್ನು ಪರೀಕ್ಷಿಸುತ್ತಿದ್ದ ಡೆವಲಪರ್ ಒಬ್ಬರ ಕಂಪ್ಯೂಟರ್ ಆಗಾಗ ಇದ್ದಕ್ಕಿದ್ದಂತೆ ನಿಂತುಹೋಗುತ್ತಿತ್ತು. ಯಾವಾಗ ನಿಲ್ಲುತ್ತದೆ ಎಂದು ಹೇಳಲು ಆಗುತ್ತಿರಲಿಲ್ಲ. ಪ್ರೊಸೆಸರ್‌ಗಳ ನಡುವೆ ಕೆಲಸ ಹಂಚುವ 'ಲೋಡ್ ಬ್ಯಾಲೆನ್ಸ್' ಎಂಬ ಫಂಕ್ಷನ್‌ನಲ್ಲಿ ಅದು ಬೀಳುತ್ತಿತ್ತು.

ಆ ಫಂಕ್ಷನ್‌ನ ಸಿ ಬರಹದಲ್ಲಿ ತಪ್ಪು ಇರಲಿಲ್ಲ. ಲಿನಕ್ಸ್‌ನ ಜನಕ ಲೈನಸ್ ಟೋರ್ವಾಲ್ಡ್ಸ್ ಕಂಪೈಲರ್ ಹೊರಗೆ ಕೊಟ್ಟ ಯಂತ್ರದ ಸೂಚನೆಗಳನ್ನೇ ಸಾಲು ಸಾಲಾಗಿ ಓದಿದರು. ತಪ್ಪು ಅಲ್ಲಿತ್ತು. ಅದನ್ನು ಅನುವಾದ ಮಾಡಿದ ಕಂಪೈಲರ್ ಜಿಸಿಸಿ 4.9.0.

ಪ್ರತಿ ಫಂಕ್ಷನ್‌ಗೂ ತನ್ನ ತಾತ್ಕಾಲಿಕ ಲೆಕ್ಕ ಬರೆದುಕೊಳ್ಳಲು ಸ್ಟ್ಯಾಕ್ ಎಂಬ ಜಾಗ ಇರುತ್ತದೆ. ಅದು ಮಾಮುವಿನ ಹಲಗೆಯ ಹಾಗೆ. ಅದರ ಗೆರೆಯ ಹೆಸರು ಸ್ಟ್ಯಾಕ್ ಪಾಯಿಂಟರ್. ನಾವು ಓಡಿಸುವ ಪ್ರೊಸೆಸರ್‌ಗಳಲ್ಲಿ ಸ್ಟ್ಯಾಕ್ ಕೆಳಮುಖವಾಗಿ ಬೆಳೆಯುತ್ತದೆ. ಫಂಕ್ಷನ್‌ಗೆ ಜಾಗ ಬೇಕಾದರೆ ಮೊದಲು ಗೆರೆಯನ್ನು ಕೆಳಗೆ ಇಳಿಸಬೇಕು, ಆಮೇಲೆ ಬರೆಯಬೇಕು.

ಲಾರಿ ಬಂದಂತೆ ಇಲ್ಲಿಯೂ ಒಂದು ಬರುತ್ತದೆ. ಅದರ ಹೆಸರು ಇಂಟರಪ್ಟ್. ಕೀಬೋರ್ಡ್ ಒತ್ತಿದರೆ, ನೆಟ್‌ವರ್ಕ್‌ನಿಂದ ಮಾಹಿತಿ ಬಂದರೆ, ಗಡಿಯಾರದ ಟಿಕ್ ಆದರೆ ಪ್ರೊಸೆಸರ್ ಮಾಡುತ್ತಿದ್ದ ಕೆಲಸವನ್ನು ಅರ್ಧಕ್ಕೆ ಬಿಟ್ಟು ಅದರ ಕಡೆ ಹೋಗುತ್ತದೆ. ಹೋಗುವಾಗ ಮರಳಿ ಬರಲು ಬೇಕಾದ ವಿವರವನ್ನು ಸ್ಟ್ಯಾಕ್‌ನಲ್ಲಿ, ಗೆರೆಯ ಕೆಳಗೆ ಬರೆದಿಡುತ್ತದೆ. ಗೆರೆಯ ಕೆಳಗೆ ಯಾರದೂ ಏನೂ ಇಲ್ಲ ಎಂಬುದೇ ಅದರ ನಂಬಿಕೆ.

ಸಾಮಾನ್ಯ ಪ್ರೋಗ್ರಾಂಗಳಿಗೆ 64 ಬಿಟ್ ಲಿನಕ್ಸ್‌ನಲ್ಲಿ ಒಂದು ರಿಯಾಯಿತಿ ಇದೆ. ಗೆರೆಯ ಕೆಳಗಿನ 128 ಬೈಟ್‌ಗಳನ್ನು ಯಾರೂ ಮುಟ್ಟುವುದಿಲ್ಲ. ಅದನ್ನು ರೆಡ್ ಜೋನ್ ಎನ್ನುತ್ತಾರೆ. ಆದರೆ ಕರ್ನೆಲ್‌ನ ಒಳಗೆ ಈ ರಿಯಾಯಿತಿ ಇಲ್ಲ, ಏಕೆಂದರೆ ಇಂಟರಪ್ಟ್ ಬಂದಾಗ ಅದೇ ಸ್ಟ್ಯಾಕ್ ಬಳಕೆಯಾಗುತ್ತದೆ. ಕರ್ನೆಲ್ ಅನುವಾದಿಸುವಾಗ ಈ ಮಾತನ್ನು ಕಂಪೈಲರ್‌ಗೆ ಸ್ಪಷ್ಟವಾಗಿ ಹೇಳಲಾಗುತ್ತದೆ. ಆಗಲೂ ಹೇಳಲಾಗಿತ್ತು.

ಜಿಸಿಸಿ 4.9.0 ಮಾಡಿದ್ದು ನಾನು ಹಲಗೆಯಲ್ಲಿ ಮಾಡಿದ್ದನ್ನೇ. ವೇಗಕ್ಕಾಗಿ ಸೂಚನೆಗಳ ಹಿಂದುಮುಂದು ಬದಲಿಸುವ ಹಂತದಲ್ಲಿ, 'ಬರೆ' ಎಂಬ ಸೂಚನೆ 'ಗೆರೆ ಇಳಿಸು' ಎಂಬ ಸೂಚನೆಗಿಂತ ಮುಂದೆ ಹೋಗಿಬಿಟ್ಟಿತು. ಏಕೆ? ಬರೆಯಬೇಕಾದ ಜಾಗವನ್ನು ಗೆರೆಯಿಂದ ಎಣಿಸಿರಲಿಲ್ಲ. ಫ್ರೇಮ್ ಪಾಯಿಂಟರ್ ಎಂಬ ಇನ್ನೊಂದು ಗುರುತಿನಿಂದ ಎಣಿಸಿತ್ತು. ಹಲಗೆಯ ಮೇಲಂಚಿನಿಂದ ಗೇಣು ಹಾಕಿ ಅಳೆದು ಬರೆದ ಹಾಗೆ. ಆದ್ದರಿಂದ ಈ ಎರಡು ಸೂಚನೆಗಳಿಗೆ ಸಂಬಂಧವೇ ಇಲ್ಲದಂತೆ ಕಂಡಿತು. ಸಂಬಂಧ ಇತ್ತು.

ಹಾಗೆ ಬರೆದಿಟ್ಟದ್ದು ಏನು ಗೊತ್ತೇ? ಅದೂ ಒಂದು ವಿಳಾಸವೇ. ಯಾವ ಪ್ರೊಸೆಸರ್‌ಗಳ ನಡುವೆ ಕೆಲಸ ಹಂಚಬೇಕು ಎಂಬ ಪಟ್ಟಿ ಇರುವ ಜಾಗದ ವಿಳಾಸ. ಬರೆಯುವುದಕ್ಕೂ ಗೆರೆ ಇಳಿಸುವುದಕ್ಕೂ ನಡುವೆ ಇರುವುದು ಕಣ್ಣೆವೆ ಬಡಿಯುವುದಕ್ಕಿಂತ ಎಷ್ಟೋ ಕಡಿಮೆ ಹೊತ್ತು. ಬಹುತೇಕ ಏನೂ ಆಗುವುದಿಲ್ಲ. ಆದರೆ ಅಪರೂಪಕ್ಕೊಮ್ಮೆ ಆ ಹೊತ್ತಿನಲ್ಲಿಯೇ ಇಂಟರಪ್ಟ್ ಬಂದರೆ, ಅದು ಆ ವಿಳಾಸದ ಮೇಲೆ ತನ್ನದನ್ನು ಬರೆದುಬಿಡುತ್ತದೆ. ಆಮೇಲೆ ಫಂಕ್ಷನ್ ತಾನು ಇಟ್ಟ ವಿಳಾಸ ಎಂದು ನಂಬಿ ಅದನ್ನು ಓದುತ್ತದೆ, ಸಂಬಂಧವಿಲ್ಲದ ಜಾಗಕ್ಕೆ ಹೋಗುತ್ತದೆ, ಕಂಪ್ಯೂಟರ್ ನಿಲ್ಲುತ್ತದೆ.

ಇದರಲ್ಲಿ ಒಂದು ವಿಚಿತ್ರವೂ ಇದೆ. ಮುಂದೆ ತಪ್ಪು ಹುಡುಕುವವರಿಗೆ ಅನುಕೂಲವಾಗಲಿ ಎಂದು ಕಂಪೈಲರ್ ಪ್ರತಿ ವೇರಿಯಬಲ್ ಎಲ್ಲಿದೆ ಎಂಬ ಮಾಹಿತಿಯನ್ನೂ ಜೊತೆಗೆ ಸೇರಿಸುತ್ತದೆ. ಆ ಮಾಹಿತಿ ಇದ್ದರೂ ಇಲ್ಲದಿದ್ದರೂ ಸೂಚನೆಗಳು ಒಂದೇ ಆಗಿರಬೇಕು. ಇಲ್ಲಿ ಆ ಮಾಹಿತಿ ಸೇರಿಸುವ ಕೆಲಸವೇ ಸೂಚನೆಗಳ ಸಾಲನ್ನು ಕೆಡಿಸಿತ್ತು. ಆದ್ದರಿಂದ ಕರ್ನೆಲ್ ಅನುವಾದಿಸುವಾಗ ಆ ಕೆಲಸವನ್ನೇ ಆಫ್ ಮಾಡಲಾಯಿತು. ಜಿಸಿಸಿಯವರಿಗೂ ದೂರು ಹೋಯಿತು, ಅವರೂ ಸರಿಪಡಿಸಿದರು. 2014ರ ಆಗಸ್ಟ್ 3ರಂದು 3.16 ಬಿಡುಗಡೆಯಾಯಿತು.

ತಾಳೆಯಾದರೆ ಸರಿ ಎಂದಲ್ಲ

ಅಂಗಡಿಯ ಕಥೆ ಇನ್ನೂ ಮುಗಿದಿಲ್ಲ. ಕೆಲವು ವಾರಗಳ ಮೇಲೆ ಬಾಕಿದಾರರಿಗೆಲ್ಲ ಹೇಳಿ ಕಳಿಸಿದೆವು. ಆ ಹಿರಿಯರೂ ಬಂದರು. ಅಂಗಡಿಯಲ್ಲಿ ನಾಲ್ಕು ಜನ ಇದ್ದರು. "ನಿನ್ನ ಕೈಯಾಗೇ ಕೊಟ್ಟು ಹೋಗೀನಲ್ಲ ತಮ್ಮಾ" ಎಂದರು. ನಾನು ಖಾತೆ ತೆಗೆದು ಅವರ ಮುಂದೆ ಹಿಡಿದು, "ಪುಸ್ತಕದಲ್ಲಿ ಇಲ್ಲವಲ್ಲ, ಅಜ್ಜಾ" ಎಂದೆ. ಹಿಂದಿನ ವಾರವಷ್ಟೇ ಟ್ರಯಲ್ ಬ್ಯಾಲೆನ್ಸ್ ಹಾಕಿದ್ದೆ, ಎರಡೂ ಕಡೆ ಒಂದು ರೂಪಾಯಿ ವ್ಯತ್ಯಾಸವಿಲ್ಲದೆ ತಾಳೆಯಾಗಿತ್ತು. ಅದನ್ನೂ ಹೇಳಿದೆ. ಅವರು ಓದು ಬಾರದವರು. ಪುಸ್ತಕದ ಮುಂದೆ ಅವರ ಮಾತು ನಿಲ್ಲಲಿಲ್ಲ. ತಲೆ ತಗ್ಗಿಸಿ ಕೂತರು.

ಅಕೌಂಟೆನ್ಸಿಯಲ್ಲಿ ನಾವು ಇದನ್ನು ಓದಿದ್ದೇವೆ. ಒಂದು ವ್ಯವಹಾರ ಪೂರ್ತಿಯಾಗಿ ಬಿಟ್ಟುಹೋದರೆ ಡೆಬಿಟ್‌ಗೂ ಇಲ್ಲ, ಕ್ರೆಡಿಟ್‌ಗೂ ಇಲ್ಲ. ಟ್ರಯಲ್ ಬ್ಯಾಲೆನ್ಸ್ ತಾಳೆಯಾಗಿಯೇ ಇರುತ್ತದೆ. ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ತೆಗೆದುಕೊಂಡಿದ್ದೆ. ಅಂಗಡಿಯಲ್ಲಿ ನೆನಪಾಗಲಿಲ್ಲ.

ಮಾಮು ಮಾತಾಡದೆ ಎದ್ದು ಗೋಡೆಯ ಕ್ಯಾಲೆಂಡರ್ ತಿರುವಿದರು. ಆ ಭಾನುವಾರದ ಚೌಕದಲ್ಲಿ ಅವರ ಕೈಬರಹ: 'ಗಲ್ಲಾ ಹೆಚ್ಚು 3,600'. ಆ ರಾತ್ರಿ ಹಣ ಎಣಿಸಿದಾಗ ಹೆಚ್ಚು ಬಂದಿತ್ತು. ತಾವೇ ಎಲ್ಲಿಂದಲೋ ತಂದು ಹಾಕಿದ್ದು ಇರಬೇಕು ಎಂದುಕೊಂಡು ಬರೆದಿಟ್ಟು ಸುಮ್ಮನಾಗಿದ್ದರು. ಮಾಮು ಆ ಹಿರಿಯರ ಮುಂದೆ ಕೈ ಮುಗಿದರು. ನನ್ನಿಂದಲೂ ಕ್ಷಮೆ ಕೇಳಿಸಿದರು. ಅವರು, "ಹೋಗ್ಲಿ ಬಿಡ್ರಿ ಸಾಬ್ರೇ, ಹುಡುಗ ಐತಿ" ಎಂದು ಚಹಾ ಕುಡಿದು ಹೋದರು. ಆ ಕ್ಯಾಲೆಂಡರ್‌ನಲ್ಲಿ ಆ ಸಾಲು ಇರದಿದ್ದರೆ ಅವರು 3,600 ರೂಪಾಯಿಯನ್ನು ಎರಡನೇ ಸಲ ಕೊಡಬೇಕಾಗುತ್ತಿತ್ತು. ಹಣಕ್ಕಿಂತ ಹೆಚ್ಚಾಗಿ ಸುಳ್ಳುಗಾರ ಎನಿಸಿಕೊಳ್ಳುತ್ತಿದ್ದರು.

ಕಂಪೈಲರ್ ತಪ್ಪನ್ನು ಹಿಡಿಯುವುದು ಹೇಗೆ?

ಗಲ್ಲಾದ ಎಣಿಕೆಯೂ ಕಿರ್ದಿಯ ಬರಹವೂ ಬೇರೆ ಬೇರೆ ದಾರಿಯಲ್ಲಿ ಬಂದ ಲೆಕ್ಕಗಳು. ಎರಡು ಹೊಂದದಿದ್ದಾಗ ಎಲ್ಲಿಯೋ ತಪ್ಪಿದೆ ಎಂದು ಗೊತ್ತಾಗುತ್ತದೆ. ಕಂಪೈಲರ್ ಪರೀಕ್ಷಿಸುವವರೂ ಇದೇ ಉಪಾಯ ಮಾಡುತ್ತಾರೆ. ಅಮೆರಿಕದ ಯೂಟಾ ವಿಶ್ವವಿದ್ಯಾಲಯದವರು ಸಿಸ್ಮಿತ್ ಎಂಬ ತಂತ್ರಾಂಶ ಮಾಡಿದರು. ಅದು ತಾನಾಗಿಯೇ ಸಾವಿರಾರು ಸಿ ಪ್ರೋಗ್ರಾಂಗಳನ್ನು ಬರೆಯುತ್ತದೆ. ಒಂದೇ ಪ್ರೋಗ್ರಾಂ ಅನ್ನು ಬೇರೆ ಬೇರೆ ಕಂಪೈಲರ್‌ಗಳಿಗೆ, ಆಪ್ಟಿಮೈಸೇಷನ್‌ನ ಬೇರೆ ಬೇರೆ ಹಂತಗಳಿಗೆ ಕೊಟ್ಟು ಉತ್ತರಗಳನ್ನು ಹೋಲಿಸುತ್ತಾರೆ. ಉತ್ತರ ಬೇರೆಯಾದರೆ ಯಾವುದೋ ಒಂದು ಕಂಪೈಲರ್ ತಪ್ಪಿದೆ ಎಂದರ್ಥ. 2011ರಲ್ಲಿ ಅವರು ಪ್ರಕಟಿಸಿದ ಪ್ರಬಂಧದ ಪ್ರಕಾರ ಹೀಗೆ 325ಕ್ಕೂ ಹೆಚ್ಚು ತಪ್ಪುಗಳನ್ನು ಕಂಪೈಲರ್ ಮಾಡುವವರಿಗೆ ತಿಳಿಸಿದ್ದರು. ಅವರು ಪರೀಕ್ಷಿಸಿದ ಎಲ್ಲ ಕಂಪೈಲರ್‌ಗಳಲ್ಲಿಯೂ ತಪ್ಪು ಸಿಕ್ಕಿತ್ತು.

ಇನ್ನೊಂದು ದಾರಿ ಗಣಿತದ್ದು. ಫ್ರಾನ್ಸ್‌ನ ಜೇವಿಯರ್ ಲೆರಾಯ್ ಮತ್ತು ಅವರ ತಂಡ ಕಾಂಪ್‌ಸರ್ಟ್ ಎಂಬ ಕಂಪೈಲರ್ ಕಟ್ಟಿದರು. ಅನುವಾದದಲ್ಲಿ ಅರ್ಥ ಕೆಡುವುದಿಲ್ಲ ಎಂದು ಪ್ರಮೇಯ ಸಾಧಿಸುವ ಹಾಗೆ ಅದಕ್ಕೆ ಸಾಧನೆ ಬರೆದಿದ್ದಾರೆ. ಹೀಗೆ ಸಾಧಿಸಿದ ಭಾಗಗಳಲ್ಲಿ ಸಿಸ್ಮಿತ್‌ಗೆ ತಪ್ಪು ಅನುವಾದ ಸಿಗಲಿಲ್ಲ. ಈ ವಿದ್ಯೆ ನಮಗೆ ದೂರದ್ದೂ ಅಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವೈ. ಎನ್. ಶ್ರೀಕಾಂತ್ ಮತ್ತು ಪ್ರೀತಿ ಶಂಕರ್ ಸಂಪಾದಿಸಿದ 'ದಿ ಕಂಪೈಲರ್ ಡಿಸೈನ್ ಹ್ಯಾಂಡ್‌ಬುಕ್' 2002ರಲ್ಲಿ ಹೊರಬಂತು. ಅದರ ವಿಷಯವೇ ಆಪ್ಟಿಮೈಸೇಷನ್ ಮತ್ತು ಯಂತ್ರದ ಸೂಚನೆಗಳ ರಚನೆ.

ನಮ್ಮ ಲ್ಯಾಬ್‌ನಲ್ಲಿ ಏನು ಮಾಡಬಹುದು? ಸರ್ ಹೇಳಿದ ಕ್ರಮ ಇದು. ಮೊದಲು ಕಂಪೈಲರ್‌ನ ಎಲ್ಲ ಎಚ್ಚರಿಕೆಗಳನ್ನು ಆನ್ ಮಾಡಿ ಓದಿ. ಲೂಪಿನ ಕೊನೆ, ಅರೇಯ ಗಡಿ, ಬೆಲೆ ಕೊಡದೆ ಬಿಟ್ಟ ವೇರಿಯಬಲ್ ಇವನ್ನು ನೋಡಿ. ಆಪ್ಟಿಮೈಸೇಷನ್ ಆಫ್ ಮಾಡಿ, ಬೇರೆ ಕಂಪೈಲರ್‌ನಲ್ಲಿಯೂ ಓಡಿಸಿ ನೋಡಿ. ಉತ್ತರ ಬೇರೆಯಾದ ಮಾತ್ರಕ್ಕೆ ಕಂಪೈಲರ್ ತಪ್ಪು ಎನ್ನಬೇಡಿ, ನನ್ನ ಆರು ಅಂಕಗಳ ಪ್ರೋಗ್ರಾಂ ನೆನಪಿರಲಿ. ತಪ್ಪು ಉಳಿಯುವ ಹಾಗೆ ಪ್ರೋಗ್ರಾಂ ಅನ್ನು ಹತ್ತು ಸಾಲಿಗೆ ಇಳಿಸಿ. ಆಗಲೂ ನಿಮ್ಮ ಬರಹದಲ್ಲಿ ಏನೂ ಸಿಗದಿದ್ದರೆ ಆಗ ಕಂಪೈಲರ್ ಕಡೆ ಬೆರಳು ತೋರಿಸಿ.

ಲ್ಯಾಬ್‌ನಲ್ಲಿ ನಾನು ನನ್ನ ಬರಹ ನೋಡದೆ ಕಂಪೈಲರ್‌ಗೆ ತಪ್ಪು ಹೊರಿಸಿದೆ. ಅಂಗಡಿಯಲ್ಲಿ ನನ್ನ ಪುಸ್ತಕ ಬಿಟ್ಟು ಬೇರೇನೂ ನೋಡದೆ ಒಬ್ಬ ಹಿರಿಯರಿಗೆ ತಪ್ಪು ಹೊರಿಸಿದೆ. ಎರಡು ಕಡೆಯೂ ನಾನು ಒಂದೇ ಕಡೆಯ ಲೆಕ್ಕ ನೋಡಿ ತೀರ್ಪು ಕೊಟ್ಟಿದ್ದೆ. ಲಿನಕ್ಸ್‌ನವರು ತಮ್ಮ ಬರಹವನ್ನೂ ನೋಡಿದರು, ಕಂಪೈಲರ್ ಕೊಟ್ಟದ್ದನ್ನೂ ನೋಡಿದರು.

ಈಗ ಮಾಮುವಿನ ಅಂಗಡಿಯಲ್ಲಿ ಹಣ ಕೊಟ್ಟವರಿಗೆ ಅಲ್ಲಿಯೇ ಚೀಟಿ ಬರೆದುಕೊಡುತ್ತೇನೆ. ರಾತ್ರಿ ಗಲ್ಲಾ ಮತ್ತು ಕಿರ್ದಿ ಹೋಲಿಸದೆ ಬೀಗ ಹಾಕುವುದಿಲ್ಲ. ಹಲಗೆಯಲ್ಲಿ ಒಂದೇ ಲೆಕ್ಕ ಇದ್ದರೂ, ಹೊರಗೆ ಲಾರಿ ಹಾರ್ನ್ ಹೊಡೆಯುತ್ತಿದ್ದರೂ, ಮೊದಲು ಗೆರೆ ಇಳಿಸಿ ಆಮೇಲೆ ಬರೆಯುತ್ತೇನೆ.